ಗಾಳಿಪಟ ಪುಕ್ಕಟೆ, ಬಾಲಂಗೋಚಿಗೆ ರೊಕ್ಕ

ಬ್ಯಾಂಡಿಗೆ ಸ್ವರ ಬರೆಯುವ ಕೆಲಸಕ್ಕೆ ಹೊಸಬರು ಯಾರಾದರೂ ಬರುವುದಿದ್ದರೆ ಮೊದಲೇ ಹೇಳಿಬಿಡುತ್ತೇನೆ, ಇದು ಹೊಟ್ಟೆಕಿಚ್ಚಿನ ಕೆಲಸ. ಊದುವವರನ್ನು ಮಂದಿ ನೋಡುತ್ತಾರೆ. ಡ್ರಮ್ಮು ಬಡಿಯುವವನ ಬಾಯಿಗೆ ನೋಟು ಕಚ್ಚಿಸುತ್ತಾರೆ. ಸ್ವರದ ಚೀಟಿ ಬರೆದವನು ಯಾರು ಅಂತ ಮದುಮಗನ ಮನೆಯವರಿಗೂ ಗೊತ್ತಿರುವುದಿಲ್ಲ, ಮದುಮಗಳ ಮನೆಯವರಿಗೂ ಗೊತ್ತಿರುವುದಿಲ್ಲ. ನನ್ನ ಹೆಸರು ಝರೆಪ್ಪ. ಬಸವಕಲ್ಯಾಣದ ಒಂದು ಮದುವೆ ಬ್ಯಾಂಡಿನಲ್ಲಿ ನಲವತ್ತು ವರ್ಷ ಎರಡನೇ ಸಾಲಿನಲ್ಲಿ ಕ್ಲಾರ್ನೆಟ್ ಊದಿದೆ, ಇಡೀ ಬ್ಯಾಂಡಿಗೆ ಚೀಟಿ ಬರೆದೆ. ಊದಿದ್ದಕ್ಕೆ ಪಾಲು ಸಿಕ್ಕಿತು. ಬರೆದಿದ್ದಕ್ಕೆ ಚಹಾ ಸಿಕ್ಕಿತು.

ಈಗ ಇದನ್ನೆಲ್ಲ ಯಾಕೆ ಬರೆಯಾಕತ್ತೇನಿ ಅಂದರೆ, ಖುಷಿ ತಡೆಯಲಾಗದೆ. ನನ್ನ ಮೊಮ್ಮಗಳು ಪ್ರಜ್ಞಾ ನಾನು ಸ್ವರ ಬರೆದಿಟ್ಟ ವಹಿಯನ್ನು ಪೂರಾ ಕಂಪ್ಯೂಟರಿಗೆ ಏರಿಸಿದ್ದಾಳೆ. ಎಣ್ಣೆ ಜಿಡ್ಡು ಹತ್ತಿದ, ಇಲಿ ಕಡಿದ ಆ ವಹಿ ಈಗ ಬೆಳ್ಳಗೆ ಅಚ್ಚಾಗಿ ಬರುತ್ತದೆ. ನೋಡಿದಾಗೊಮ್ಮೆ ಹೊಟ್ಟೆಯೊಳಗೆ ಹಾಲು ಉಕ್ಕಿದ ಹಾಗೆ ಆಗುತ್ತದೆ. ಆದರೆ ಆ ಹಾಲಿನ ಕೆಳಗೆ ಬೆಂಕಿ ಯಾವುದಿತ್ತು ಅನ್ನುವುದನ್ನೂ ಹೇಳಬೇಕಲ್ಲ.

ನಾನು ಘಾಟಬೋರಾಳದವನು. ಅಪ್ಪ ಮಂದಿಯ ಹೊಲದಲ್ಲಿ ಕೂಲಿ. ನಾಲ್ಕನೇ ಇಯತ್ತೆ ಪೂರಾ, ಐದನೇತ್ತ ಅರ್ಧ, ಅಷ್ಟೇ ನನ್ನ ಸಾಲಿ. ಮೀಸೆ ಚಿಗುರುವಾಗ ಕಲ್ಯಾಣಕ್ಕೆ ಬಂದು ತುಳಜಪ್ಪ ಮಾಸ್ತರರ ಬ್ಯಾಂಡ್ ಸೇರಿದೆ. ಮಾಸ್ತರರಿಗೆ ಅಕ್ಷರ ಬರುತ್ತಿರಲಿಲ್ಲ. ಕಿವಿ ಮಾತ್ರ ಎಂಥದಿತ್ತು ಅಂದರೆ, ಹೋಟೆಲಿನ ರೇಡಿಯೊದಲ್ಲಿ ಒಂದು ಹಾಡು ಒಮ್ಮೆ ಕೇಳಿದರೆ ಸಂಜೆಗೆ ಟ್ರಂಪೆಟ್ಟಿಗೆ ಏನು, ಕ್ಲಾರ್ನೆಟ್ಟಿಗೆ ಏನು ಅಂತ ಬೇರೆ ಬೇರೆ ಗುನುಗುತ್ತಿದ್ದರು.

"ಬರೀಲಿಕ್ಕ ಬರ್ತದೇನು ನಿನಗ?" ಅಂತ ಮೊದಲ ದಿನ ಕೇಳಿದರು.

"ಅಕ್ಷರ ಬರ್ತಾವ್ರಿ. ಸ್ವರ ಬರಂಗಿಲ್ಲ."

"ಸ್ವರ ನಾ ಹೇಳತೀನಿ. ಇವತ್ತಿಂದ ನೀ ನಮ್ಮ ಕಾರಕೂನ."

ಅಂದಿನಿಂದ ಅವರು ಅನ್ನುವುದು, ನಾನು ಬರೆಯುವುದು. ಒಂದು ಧಾಟಿಗೆ ನಾಲ್ಕು ಥರದ ಚೀಟಿ: ಟ್ರಂಪೆಟ್, ಕ್ಲಾರ್ನೆಟ್, ಸ್ಯಾಕ್ಸೊಫೋನ್, ಮತ್ತೆ ಯುಫೋನಿಯಂ ಅಂತ ದೊಡ್ಡ ಹೊಟ್ಟೆಯ ಪಿತ್ತಾಳಿ ವಾದ್ಯ. ಸ ರಿ ಗ ಮ ಅಂತ ಕನ್ನಡದಲ್ಲೇ ಬರೆಯುತ್ತಿದ್ದೆವು. ಎಷ್ಟು ಜೋರು, ಎಷ್ಟು ನಿಧಾನ ಅನ್ನುವುದು ಚೀಟಿಯಲ್ಲಿ ಇರುತ್ತಿರಲಿಲ್ಲ, ಅದು ಮಾಸ್ತರರ ಕೈಯಲ್ಲಿ ಇರುತ್ತಿತ್ತು.

ನಡೆಯುತ್ತ ಊದುವವನು ಚೀಟಿ ಎಲ್ಲಿ ಇಟ್ಟುಕೊಳ್ಳಬೇಕು? ಮುಂದಿನವನ ಬೆನ್ನಿಗೆ. ಕೆಂಪು ಕೋಟಿನ ಮೇಲೆ ಟಾಚಣಿಯಿಂದ ಚುಚ್ಚಿಬಿಡುವುದು. ಮೊದಲ ಸಾಲಿನವರ ಮುಂದೆ ಬೆನ್ನಿಲ್ಲ, ಅವರು ಬಾಯಿಪಾಠ ಮಾಡಬೇಕು. ಎರಡನೆಯವರು ಮೊದಲಿನವರ ಬೆನ್ನು ಓದಬೇಕು, ಮೂರನೆಯವರು ನಮ್ಮ ಬೆನ್ನು. ಟಾಚಣಿಗಳು ಕಳೆಯುತ್ತವೆ ಅಂತ ಊಟಕ್ಕೆ ಕೂತಾಗಲೂ ಚೀಟಿ ಬಿಚ್ಚುತ್ತಿರಲಿಲ್ಲ. ಅಲ್ಲೇ ನಾವು ಕೆಟ್ಟಿದ್ದು.

ಹುಮನಾಬಾದಿನಲ್ಲಿ ನಮ್ಮಂಥದೇ ಒಂದು ಬ್ಯಾಂಡ್ ಇತ್ತು. ಅದರ ಬರಹಗಾರ ಮಾಣಿಕಪ್ಪ, ನನ್ನ ವಯಸ್ಸಿನವನೇ. ಅಕ್ಷರ ಮುತ್ತಿನಂಥವು, ಏಳನೇತ್ತ ಓದಿದ್ದ, ನನಗೆ ಉರಿಯಲು ಅದೊಂದೇ ಸಾಕಾಗಿತ್ತು. ನಾವು ಇಲ್ಲಿ ಹೊಸದಾಗಿ ಕೂರಿಸಿದ ಧಾಟಿ ಮುಂದಿನ ವಾರ ಅಲ್ಲಿನ ಮದುವೆಯಲ್ಲಿ ಕೇಳುತ್ತಿತ್ತು. ಹೇಗೆ ಅಂತ ತಿಳಿಯಲಿಲ್ಲ. ಒಂದು ದಿನ ಊಟದ ಪಂಕ್ತಿಯಲ್ಲಿ ನಮ್ಮ ಹಿಂದೆ ನೀರಿನ ತಂಬಿಗೆ ಹಿಡಿದು ಒಬ್ಬ ನಿಂತೇ ನಿಂತಿದ್ದ. ನೀರು ಮಾತ್ರ ಯಾರಿಗೂ ಹಾಕಲಿಲ್ಲ. ನೋಡಿದರೆ ಮಾಣಿಕಪ್ಪ, ನಮ್ಮ ಬೆನ್ನು ಓದುತ್ತಿದ್ದ.

ಮಾಸ್ತರರು ನಕ್ಕರು. "ತಪ್ಪು ಅವಂದಲ್ಲ ಝರೆಪ್ಪಾ. ನಮ್ಮ ಡಂಗುರ ನಾವೇ ಬೆನ್ನಿಗೆ ಕಟ್ಟಕೊಂಡು ತಿರಗಾಕತ್ತೀವಿ."

ಅವರಿಗೆ ನಗು ಬಂತು, ನನಗೆ ನಿದ್ದೆ ಬರಲಿಲ್ಲ. ಮರುದಿನದಿಂದ ನಾನು ಚೀಟಿಗೆ ಬೀಗ ಹಾಕಿದೆ. ಧಾಟಿಯ ಮೊದಲ ಸಾಲನ್ನು ಎಲ್ಲಕ್ಕಿಂತ ಕೆಳಗೆ ಬರೆದೆ, ಕೊನೆಯ ಸಾಲನ್ನು ಎಲ್ಲಕ್ಕಿಂತ ಮೇಲೆ. ನಮ್ಮವರು ಕೆಳಗಿಂದ ಮೇಲಕ್ಕೆ ಓದಬೇಕು, ಕಳ್ಳ ಮೇಲಿಂದ ಓದಿ ಕೆಡಬೇಕು. ಈ ಬೀಗಕ್ಕೆ ಕೀಲಿ ಇಲ್ಲ, ಬಾಯಿಮಾತು ಒಂದೇ.

ಬೀಗಕ್ಕೆ ಮೊದಲು ಬೆರಳು ಸಿಕ್ಕಿಸಿಕೊಂಡವನು ನಾನೇ. ಹುಮನಾಬಾದಿನ ದಾಲ್ ಅಡತಿಯವರ ಮನೆಯ ಮದುವೆ. ನಮ್ಮ ಯುಫೋನಿಯಂನವನಿಗೆ ಜ್ವರ ಬಂದು, ಒಂದು ದಿನದ ಮಟ್ಟಿಗೆ ಹೊರಗಿನವನನ್ನು ಕರೆದಿದ್ದೆವು. ಕೋಟು ಕೊಟ್ಟೆ, ಟೋಪಿ ಕೊಟ್ಟೆ, ಕೆಳಗಿಂದ ಓದಬೇಕು ಅಂತ ಹೇಳುವುದನ್ನು ಮರೆತೆ. ಮೆರವಣಿಗೆ ಎದ್ದಿತು. ನಾವು ಹಾಡಿನ ತಲೆ ಹಿಡಿದರೆ ಅವನು ಬಾಲ ಹಿಡಿದ. ನಾವು ಬಾಲಕ್ಕೆ ಬಂದಾಗ ಅವನು ತಲೆಗೆ ಬಂದಿದ್ದ. ಪಾಪ, ದಮ್ಮು ಕಟ್ಟಿ ಊದುತ್ತಿದ್ದ, ನಾವೇ ತಪ್ಪುತ್ತಿದ್ದೇವೆ ಅಂತ ನಮ್ಮನ್ನೇ ಗುರಾಯಿಸುತ್ತಿದ್ದ.

ಮದುಮಗನ ಸೋದರಮಾವ ಬಂದು ಕೇಳಿದ, "ಒಂದು ಬ್ಯಾಂಡಿಗೆ ಸುಪಾರಿ ಕೊಟ್ಟಿದ್ದೀವಿ. ಎರಡ್ಯಾಕ ಬಂದಾವ?"

ಬಾಳೆಹಣ್ಣಿನ ಬಂಡಿಯ ಹತ್ತಿರ ನಿಂತು ಮಾಣಿಕಪ್ಪ ಚಪ್ಪಾಳೆ ತಟ್ಟುತ್ತಿದ್ದ. ಮಾಸ್ತರರು ವಾಪಸ್ ಬಸ್ಸಿನಲ್ಲಿ ಯುಫೋನಿಯಂ ತಂದು ನನ್ನ ತೊಡೆಯ ಮೇಲೆ ಇಟ್ಟರು, ಕಲ್ಯಾಣದ ತನಕ. ಎರಡು ದಿನ ಕಾಲು ಜುಮುಜುಮು ಅನ್ನುತ್ತಿದ್ದವು. ಬೀಗ ಹಾಕುವವರು ಮನೆಯವರಿಗೆಲ್ಲ ಹೇಳಿದೆನೋ ಇಲ್ಲವೋ ಅಂತ ಒಮ್ಮೆ ನೆನಪು ಮಾಡಿಕೊಳ್ಳಬೇಕು. ಈ ಕೆಲಸದಲ್ಲಿ ನಾನು ತೊಡೆಯಿಂದ ಕಲಿತ ಪಾಠ ಇದು.

ನನ್ನ ಮಗ ಹುಟ್ಟಿದ ವರ್ಷ ನಾನೇ ಒಂದು ಧಾಟಿ ಕಟ್ಟಿದೆ. ಮಾಸ್ತರರು ಹೇಳಿದ್ದಲ್ಲ, ಸಿನಿಮಾದ್ದಲ್ಲ, ಪೂರಾ ನಂದು. ನಾಲ್ಕು ಸಾಲು. ಮೊದಲ ಮೂರು ತೊಟ್ಟಿಲು ತೂಗಿದ ಹಾಗೆ, ನಾಲ್ಕನೆಯದು ಕೂಸು ಎದ್ದು ಓಡಿದ ಹಾಗೆ. ಅದನ್ನೂ ಬೀಗ ಹಾಕಿಯೇ ಬರೆದೆ. ಒಂದೆರಡು ಮೆರವಣಿಗೆಯಲ್ಲಿ ಊದಿದೆವು. ಯಾರೂ ಕುಣಿಯಲಿಲ್ಲ. ಕುಣಿಯುತ್ತಿದ್ದವರೂ ಬೆವರು ಒರೆಸಿಕೊಳ್ಳುತ್ತ ನಿಂತರು.

"ಝರೆಪ್ಪಾ," ಅಂದರು ಮಾಸ್ತರರು, "ಇದು ದವಾಖಾನಿಗೆ ಹೋಗೋರ ಧಾಟಿ. ಮದುವಿಗೆ ಹೋಗೋರದಲ್ಲ."

ಅಲ್ಲಿಗೆ ಅದು ವಹಿಯ ಕೊನೆಯ ಪುಟಕ್ಕೆ ಹೋಯಿತು.

ಮುಂದಿನ ಮದುವೆ ಹಂಗಾಮಿನಲ್ಲಿ ಹುಮನಾಬಾದಿನವರು ಒಂದು ಧಾಟಿ ತೆಗೆದರು. ಮಾಣಿಕಪ್ಪನ ಧಾಟಿ ಅಂತಲೇ ಅದಕ್ಕೆ ಹೆಸರು ಬಿತ್ತು. ಟ್ರಂಪೆಟ್ಟು ಕುದುರೆ ಬಿಟ್ಟ ಹಾಗೆ ಎದ್ದರೆ ಮುದುಕಿಯರೂ ಸೆರಗು ಕಟ್ಟಿ ಕುಣಿಯುತ್ತಿದ್ದರು. ಹೆಣ್ಣಿನವರ ಬಾಗಿಲು ಹತ್ತಿರ ಬರುತ್ತಿದ್ದ ಹಾಗೆ ಧಾಟಿ ತಾನೇ ತಣ್ಣಗಾಗಿ, ಆರತಿ ಹಿಡಿದ ಹೆಂಗಸರ ಹೆಜ್ಜೆಗೆ ಸರಿಯಾಗಿ ನಿಲ್ಲುತ್ತಿತ್ತು. ಎರಡೂ ತಾಲೂಕಿನಲ್ಲಿ ಅದಿಲ್ಲದೆ ಮದುವೆಯಿಲ್ಲ ಅನ್ನುವ ಹಾಗಾಯಿತು. ನಮ್ಮ ಕಲ್ಯಾಣದ ಬೀದಿಯಲ್ಲಿ ನಾವು ಊದುವಾಗ ನಮ್ಮ ಮಂದಿಯೇ ಬಂದು, "ಆ ಹುಮನಾಬಾದದ್ದು ಹಚ್ಚರಿ," ಅನ್ನುತ್ತಿದ್ದರು.

ಆ ಧಾಟಿ ನನ್ನ ಹೊಟ್ಟೆಯಲ್ಲಿ ಮುಳ್ಳಾಗಿ ಕೂತಿತು. ಎಲ್ಲೋ ಕೇಳಿದ ಹಾಗೆ ಇದೆ, ಇದು ನನಗೇ ಹೊಳೆಯಬೇಕಾಗಿತ್ತು, ಯಾಕೆ ಹೊಳೆಯಲಿಲ್ಲ ಅಂತ ಮತ್ತಷ್ಟು ಉರಿಯುತ್ತಿತ್ತು. ಅವರ ಬ್ಯಾಂಡಿನ ಹಿಂದೆ ಹೋಗಿ ಬರೆದುಕೊಂಡೂ ಬಂದೆ. ಮಾಸ್ತರರು ಮುಟ್ಟಲಿಲ್ಲ. "ಅವನ ಎಂಜಲ ನಾ ಊದಂಗಿಲ್ಲ," ಅಂದರು. ಮನೆಯಲ್ಲಿ ನನ್ನ ಹೆಂಡತಿ, "ನನ್ನ ಹೆಸರು ವರ್ಷಕ್ಕ ಒಂದ್ಸಲ ತಗೋತೀರಿ, ಆ ಮಾಣಿಕಪ್ಪಂದು ದಿನಾ," ಅನ್ನುತ್ತಿದ್ದಳು. ಹಾಗೇ ವರ್ಷಗಳು ಹೋದವು. ರೇಡಿಯೊ ಹೋಗಿ ಕ್ಯಾಸೆಟ್ಟು ಬಂತು, ಕಾರ್ಬನ್ ಹಾಳೆ ಹೋಗಿ ಝೆರಾಕ್ಸ್ ಬಂತು, ಮಾಸ್ತರರು ಹೋದರು, ಅವರ ಮಗ ದಿಲೀಪ ಬ್ಯಾಂಡು ಹಿಡಿದ. ಮುಂದಿನ ಹಲ್ಲು ಬಿದ್ದ ಮೇಲೆ ನಾನು ಕ್ಲಾರ್ನೆಟ್ಟು ಗೋಡೆಗೆ ತೂಗುಹಾಕಿದೆ.

ಇನ್ನು ಪ್ರಜ್ಞಾಳ ಕಥೆ. ಕಲ್ಯಾಣದಲ್ಲೇ ಕಾಲೇಜು, ಸಂಜೆ ಮಕ್ಕಳಿಗೆ ಟ್ಯೂಷನ್ ಹೇಳುತ್ತಾಳೆ, ಕೀಬೋರ್ಡ್ ಬಾರಿಸುತ್ತಾಳೆ. ದಿಲೀಪ ಒಂದು ದಿನ ಮನೆಗೆ ಬಂದ.

"ಕಾಕಾ, ಈಗಿನ ಹುಡುಗರಿಗೆ ನಿಮ್ಮ ಸ ರಿ ಗ ತಿಳಿವಲ್ದು. ಐದು ಗೆರಿ ಮ್ಯಾಲ ಚುಕ್ಕಿ ಇದ್ರ ಓದತಾರ. ವಹಿ ಪೂರಾ ಹಂಗ ಮಾಡಿಕೊಡತಾಳೇನು ಪ್ರಜ್ಞಾ? ಮಾಡಿದ್ರ ಇನ್ನ ಮುಂದ ಬ್ಯಾಂಡಿನ ಬರವಣಿಗಿ ಎಲ್ಲಾ ಆಕಿದೇ. ಇಲ್ಲಂದ್ರ ಹುಮನಾಬಾದದಾಗ ಮಾಣಿಕಪ್ಪನ ಮಗಾ ಮಾಡಿಕೊಡತೀನಿ ಅಂದಾನ."

ಪ್ರಜ್ಞಾ ಆಗಲಿ ಅಂದಳು. ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪಿನಲ್ಲಿ ಸ್ವರ ಬರೆಯುವ ಸಾಫ್ಟ್‌ವೇರ್ ಒಂದನ್ನು ಇಳಿಸಿಕೊಂಡಳು. ಚುಕ್ಕಿ ಇಟ್ಟರೆ ಅದೇ ಬಾರಿಸಿ ತೋರಿಸುತ್ತದೆ. ನಾನು ಪಕ್ಕದಲ್ಲೇ ಕೂತಿದ್ದೆ.

"ಎಷ್ಟು ಕೊಟ್ಟಿ ಇದಕ್ಕ?"

"ಏನೂ ಇಲ್ಲ ಮುತ್ಯಾ. ಪುಕ್ಕಟ ಅದ. ಹ್ಯಾಂಗ ಮಾಡ್ಯಾರ ಅನ್ನೋದನ್ನೂ ತೆರದಿಟ್ಟಾರ. ಬೇಕಾದವರು ನೋಡಬಹುದು, ತಿದ್ದಬಹುದು."

ಬೆನ್ನಿಗೆ ಚೀಟಿ ಚುಚ್ಚಿಕೊಂಡು ಜಗತ್ತೆಲ್ಲ ತಿರುಗುತ್ತಿದ್ದಾರಲ್ಲ ಇವರು ಅಂತ ನನಗೆ ಅನಿಸಿತು. ಎರಡು ದಿನ ಬಿಟ್ಟು ನೋಡಿದರೆ ಪ್ರಜ್ಞಾ ಫೋನಿನಿಂದ ರೊಕ್ಕ ಕಳಿಸುತ್ತಿದ್ದಳು.

"ಅದು ಯಾರಿಗೆ?"

"ಇದಕ್ಕೊಂದು ಪ್ಲಗಿನ್ ಬರ್ತದ ಮುತ್ಯಾ, ಮ್ಯಾಲಿಂದ ಜೋಡಿಸೋದು. ಪುಣೆದಾಗ ಒಬ್ಬ ಹೆಣ್ಣಮಗಳು ಮಾಡ್ಯಾರ, ಅಲ್ಲಿ ಬಾಯಿ ಅಂತಾರ. ಕನ್ನಡದಾಗ ಸ ರಿ ಗ ಅಂತ ಟೈಪ್ ಮಾಡಿದ್ರ ತಾನೇ ಗೆರಿ ಮ್ಯಾಲ ಕೂಡಿಸ್ತದ. ಟ್ರಂಪೆಟ್ಟಿಗೆ ಬ್ಯಾರೆ ಹಾಳಿ, ಕ್ಲಾರ್ನೆಟ್ಟಿಗೆ ಬ್ಯಾರೆ ಹಾಳಿ."

"ಗಾಳಿಪಟ ಪುಕ್ಕಟ, ಬಾಲಂಗೋಚಿಗೆ ರೊಕ್ಕ. ಛಲೋ ವ್ಯಾಪಾರ."

"ಬಾಲಂಗೋಚಿ ಇಲ್ಲಂದ್ರ ಗಾಳಿಪಟ ಗಿರಕಿ ಹೊಡಿತದ ಮುತ್ಯಾ. ನನಗ ತಿಂಗಳ ಕೆಲಸ ಉಳಿತದ. ಮಾಡಿದವರಿಗೆ ಕೊಡಬ್ಯಾಡೇನು?"

ಮಾಡಿದವರಿಗೆ ಕೊಡಬೇಡವೇನು. ಆ ಮಾತು ನೆಟ್ಟಗೆ ಬಂದು ಎದೆಗೆ ನಾಟಿತು. ಒಂದು ಧಾಟಿಯನ್ನು ನಾಲ್ಕು ಚೀಟಿ ಮಾಡುವ ಕೆಲಸ ನಲವತ್ತು ವರ್ಷ ಮಾಡಿದವನು ನಾನು. ಚಹಾದಲ್ಲಿ ಸಕ್ಕರೆ ಕಮ್ಮಿಯಾದರೂ ಸುಮ್ಮನೆ ಕುಡಿದವನು ನಾನು. ಆಕೆ ಯಾರೋ ಪುಣೆಯಲ್ಲಿ ಕೂತು ಅದನ್ನೇ ಒಮ್ಮೆ ಬರೆದಿಟ್ಟಿದ್ದಾಳೆ, ನನ್ನ ಸ್ವಂತ ಮೊಮ್ಮಗಳು ಟ್ಯೂಷನ್ ರೊಕ್ಕ ತೆಗೆದು ಆಕೆಗೆ ಕಳಿಸುತ್ತಾಳೆ. ಮಾಣಿಕಪ್ಪನ ಜೊತೆಗೆ ಇನ್ನೊಬ್ಬರು ನನ್ನ ಹೊಟ್ಟೆಯಲ್ಲಿ ಜಾಗ ಹಿಡಿದರು.

ಪ್ರಜ್ಞಾ ವಹಿಯನ್ನು ಮೊದಲಿಂದ ಟೈಪ್ ಮಾಡುತ್ತ ಹೋದಳು. ಮೇಲಿಂದ ಕೆಳಗೆ. ಬಾರಿಸಿದರೆ ಹಾಡಿನ ಬಾಲ ಮೊದಲು, ತಲೆ ಆಮೇಲೆ. ಒಂದಲ್ಲ, ಎರಡಲ್ಲ, ಎಲ್ಲವೂ ಹಾಗೆ. ಅವಳಿಗೆ ಆ ಹಳೆಯ ಹಾಡುಗಳು ಪೂರಾ ಗೊತ್ತಿರಲಿಲ್ಲ, ಏನೋ ತಪ್ಪಿದೆ ಅನ್ನುವುದಷ್ಟೇ ತಿಳಿಯುತ್ತಿತ್ತು. ಸೋಮವಾರ ದಿಲೀಪ ಬಂದು ಕೇಳಿ ಮುಖ ಸಣ್ಣ ಮಾಡಿದ.

"ಇದು ನಮ್ಮಪ್ಪ ಕೂಡಿಸಿದ್ದಲ್ಲ ಬೇಟಾ. ಗುರುವಾರ ತನಕ ನೋಡು. ಇಲ್ಲಂದ್ರ ಹುಮನಾಬಾದಕ ಕೊಡತೀನಿ."

"ಪ್ಲಗಿನ್ ಸಾಲುಗಳನ್ನ ಉಲ್ಟಾಪಲ್ಟಾ ಮಾಡಾಕತ್ತದ," ಅಂದಳು ಪ್ರಜ್ಞಾ. ಪುಣೆಯ ಬಾಯಿಗೆ ಪತ್ರ ಬರೆದಳು. ನಿಮ್ಮ ವಸ್ತು ಕೆಟ್ಟದ್ದಿದೆ, ನನ್ನ ಕೆಲಸ ಹಾಳಾಗುತ್ತಿದೆ, ರೊಕ್ಕ ವಾಪಸ್ ಕೊಡಿ ಅಂತ.

ನನಗೆ ಎಲ್ಲಾ ಗೊತ್ತಿತ್ತು. ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಅನ್ನಲಿಲ್ಲ. ಸುಳ್ಳು ಹೇಳಲಿಲ್ಲ, ಸುಮ್ಮನೆ ಕೂತೆ, ಅಷ್ಟೇ. ರೊಕ್ಕ ಕೊಟ್ಟು ತಂದ ಬಾಲಂಗೋಚಿಯನ್ನು ನನ್ನ ಪುಕ್ಕಟೆ ಬೀಗ ಸೋಲಿಸಿತು ಅಂತ ಒಳಗೊಳಗೆ ಹಿಗ್ಗಿದೆ. ಮೊಮ್ಮಗಳ ಮೊದಲ ಕೆಲಸ ಕೈಬಿಡುತ್ತಿದೆ, ಹೋಗುವುದೂ ಮಾಣಿಕಪ್ಪನ ಮನೆಗೇ ಹೋಗುತ್ತಿದೆ ಅನ್ನುವುದು ಗೊತ್ತಿದ್ದೂ ಎರಡು ದಿನ ಬಾಯಿ ಬಿಡಲಿಲ್ಲ. ಹೊಟ್ಟೆಕಿಚ್ಚು ಮನುಷ್ಯನನ್ನು ಎಷ್ಟು ದೂರ ಕರೆದುಕೊಂಡು ಹೋಗುತ್ತದೆ ಅನ್ನುವುದಕ್ಕೆ ಇದನ್ನು ಬರೆದಿಟ್ಟೆ. ಬರೆಯುವಾಗ ನಾಚಿಕೆಯಾಯಿತು.

ಬುಧವಾರ ಮಧ್ಯಾಹ್ನ ಪ್ರಜ್ಞಾ ವಹಿಯ ಕೊನೆಯ ಪುಟಕ್ಕೆ ಬಂದಳು. ನಾನು ಹೊರಸಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದೆ. ನಾಲ್ಕು ಸಾಲು ಟೈಪ್ ಮಾಡಿದಳು, ಗುಂಡಿ ಒತ್ತಿದಳು. ಆ ಯಂತ್ರಕ್ಕೆ ಮಾಸ್ತರರ ಕೈ ಗೊತ್ತಿಲ್ಲ, ತನ್ನದೇ ಓಟದಲ್ಲಿ ಬಾರಿಸಿತು.

ಕುದುರೆ ಬಿಟ್ಟ ಹಾಗೆ ಎದ್ದಿತು. ಆಮೇಲೆ ತಣ್ಣಗಾಗುತ್ತ ಬಂದು ಬಾಗಿಲ ಮುಂದೆ ನಿಂತಿತು.

ನಾನು ಎದ್ದು ಕೂತೆ. "ಮಾಣಿಕಪ್ಪನ ಧಾಟಿ ನಿನಗ್ಯಾರು ಕೊಟ್ಟರು?"

"ಯಾವ ಮಾಣಿಕಪ್ಪ? ಇದು ನಿನ್ನ ವಹ್ಯಾಗಿಂದು ಮುತ್ಯಾ. ನಿನ್ನ ಅಕ್ಷರ. ನೋಡಿಲ್ಲಿ."

ನೋಡಿದೆ. ನನ್ನದೇ ಧಾಟಿ. ತೊಟ್ಟಿಲ ಧಾಟಿ. ಮೇಲಿಂದ ಕೆಳಗೆ, ಜೋರಾಗಿ.

ಅಷ್ಟು ವರ್ಷ ನಾನು ಯಾವುದಕ್ಕೆ ಉರಿದಿದ್ದೆನೋ ಅದು ನಂದೇ. ನನ್ನ ಬೀಗಕ್ಕೆ ಸಿಕ್ಕು ಉಲ್ಟಾ ಹೋಗಿ ನನಗಿಂತ ಛಲೋ ಆಗಿತ್ತು. ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಬಾಯಲ್ಲಿ ಬಂದದ್ದು ಮಾತ್ರ ಇದು: "ಪ್ರಜ್ಞಾ, ಆ ಪುಣೆ ಬಾಯಿದೇನೂ ತಪ್ಪಿಲ್ಲ. ನಮ್ಮ ಚೀಟಿ ಕೆಳಗಿಂದ ಓದಬೇಕು."

ಅವಳು ಗುಂಡಿಗಳಿಂದ ಕೈ ತೆಗೆದು ನನ್ನ ಕಡೆ ತಿರುಗಿದಳು. "ಸೋಮವಾರನೇ ಗೊತ್ತಿತ್ತೇನು ನಿನಗ?"

"ಗೊತ್ತಿತ್ತು."

"ನಾ ಆ ಬಾಯಿಗೆ ಕಳ್ಳಿ ಅಂದಂಗ ಆತಲ್ಲ ಮುತ್ಯಾ. ಆಕಿ ಏನು ಮಾಡಿದ್ದಳು ನಿನಗ?"

ಅವಳು ಮಾತು ಬಿಟ್ಟು ಟೈಪ್ ಮಾಡಲು ಕೂತಳು. ನಾನು ವಹಿ ಹಿಡಿದು ಕೆಳಗಿಂದ ಮೇಲಕ್ಕೆ ಒಂದೊಂದೇ ಸಾಲು ಓದಿ ಹೇಳಿದೆ. ಹೊಸ ಕಾರಕೂನಳಿಗೆ ಹಳೆಯ ಕಾರಕೂನ. ದೀಪ ಹಚ್ಚುವ ಹೊತ್ತಿಗೆ ಎಲ್ಲಾ ಹಾಡೂ ನೆಟ್ಟಗೆ ನಿಂತವು. ಕ್ಷಮಾಪಣೆಯ ಪತ್ರ ನಾನು ಹೇಳಿದೆ, ಅವಳು ಬರೆದಳು: ತಪ್ಪು ನಿಮ್ಮ ಪ್ಲಗಿನ್ನಿನದಲ್ಲ, ಒಬ್ಬ ಮುದುಕನದು, ರೊಕ್ಕ ಇಟ್ಟುಕೊಳ್ಳಿರಿ. ಪುಣೆಯಿಂದ ಮರುದಿನವೇ ಉತ್ತರ ಬಂತು. ಆಕೆಗೆ ಸಿಟ್ಟೇ ಬಂದಿರಲಿಲ್ಲ. ಕೆಳಗಿಂದ ಓದುವುದಕ್ಕೆ ತನ್ನ ಪ್ಲಗಿನ್ನಿನಲ್ಲಿ ಒಂದು ಗುಂಡಿ ಕೂಡಿಸುತ್ತೇನೆ, ಇನ್ನೂ ಯಾವುದಾದರೂ ಊರಿನಲ್ಲಿ ಇಂಥ ಮುದುಕರು ಇರಬಹುದು ಅಂತ ಬರೆದಿದ್ದಳು. ಅಷ್ಟು ಜತನ ಮಾಡಿದ ಬೀಗ ಈಗ ಯಾರು ಬೇಕಾದರೂ ಒತ್ತುವ ಗುಂಡಿ. ಸ್ವಲ್ಪ ಉರಿಯಿತು. ಸ್ವಲ್ಪ ಹೆಮ್ಮೆಯೂ ಆಯಿತು.

ಗುರುವಾರ ದಿಲೀಪ ಕೇಳಿ ತಲೆ ತೂಗಿದ. ಕೆಲಸ ಪ್ರಜ್ಞಾಳದಾಯಿತು. ಆ ತೊಟ್ಟಿಲ ಧಾಟಿಯ ಹಾಳೆ ಮಾತ್ರ ಅಚ್ಚಿಗೆ ಹೋಗದೆ ಉಳಿದಿತ್ತು. ಹಾಳೆಯ ತಲೆಯ ಮೇಲೆ ಧಾಟಿ ಕಟ್ಟಿದವರ ಹೆಸರಿಗೆ ಜಾಗ ಇರುತ್ತದೆ. "ಮ್ಯಾಲಿಂದ ಓದಿದ್ದು ಯಾರದಂತ ಹಾಕಲಿ?" ಅಂತ ಕೇಳಿದಳು. ಮಾಣಿಕಪ್ಪನ ಕಥೆ ಹೇಳಿ, ಅವನನ್ನೇ ಕೇಳೋಣ ಅಂದೆ. ಭಾನುವಾರ ಇಬ್ಬರೂ ಲ್ಯಾಪ್‌ಟಾಪ್ ಹಿಡಿದು ಹುಮನಾಬಾದಿನ ಬಸ್ ಹತ್ತಿದೆವು.

ಮಾಣಿಕಪ್ಪ ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಬಿಸಿಲು ಕಾಯುತ್ತಿದ್ದ. ಅವನಿಗೂ ಹಲ್ಲಿಲ್ಲ. ನನ್ನನ್ನು ಕಂಡು, "ಬಾ ಕಾರಕೂನ, ಯುಫೋನಿಯಂ ಎಲ್ಲದ?" ಅಂದ.

ಪ್ರಜ್ಞಾ ಎರಡೂ ಬಾರಿಸಿದಳು, ಮೊದಲು ಕೆಳಗಿಂದ, ಆಮೇಲೆ ಮೇಲಿಂದ. ಅವನು ಕಣ್ಣು ಮುಚ್ಚಿ ಕೇಳಿದ.

"ನೀವು ಊಟಕ್ಕ ಕೂತಿದ್ರಿ," ಅಂದ. "ನಿನ್ನ ಬೆನ್ನು ಅಗಲ ಇತ್ತು, ಓದಲಿಕ್ಕ ಛಲೋ ಆಗತಿತ್ತು."

"ಕೆಳಗಿಂದ ಓದಬೇಕು ಅನ್ನೋದು ಗೊತ್ತಾಗಲಿಲ್ಲ ನಿನಗ," ಅಂದೆ. ಅದೊಂದಾದರೂ ನನಗೆ ಉಳಿಯಲಿ ಅಂತ.

"ಆ ವಾರನೇ ಗೊತ್ತಾತು. ಸಿನಿಮಾ ಹಾಡು ಉಲ್ಟಾ ಬಂದ್ರ ಯಾರಿಗೆ ತಿಳಿಯಂಗಿಲ್ಲ? ನಿನ್ನ ಧಾಟಿ ಕೆಳಗಿಂದನೂ ಊದಿ ನೋಡಿದೆ. ಆಕಳಿಕಿ ಬಂತು. ಮ್ಯಾಲಿಂದ ಊದಿದೆ, ಜೀವ ಬಂತು. ಆದ್ರ ಒಂದು ಸ್ವರಾನೂ ನಂದಲ್ಲ, ಝರೆಪ್ಪಾ. ಮಂದಿ ಮಾಣಿಕಪ್ಪನ ಧಾಟಿ ಅಂದಾಗೊಮ್ಮೆ ನಿನ್ನ ಮಾರಿ ಕಣ್ಣ ಮುಂದ ಬರತಿತ್ತು. ನಾ ಎಷ್ಟು ಸಲ ಕೂತು ಕಟ್ಟಿದೆ, ಒಂದೂ ಹುಟ್ಟಲಿಲ್ಲ. ಈ ಐದನೇತ್ತ ಅರ್ಧ ಓದಿದವನಿಗೆ ಹ್ಯಾಂಗ ಹುಟ್ಟಿತು ಅಂತ ಹೊಟ್ಟಿ ಉರೀತಿತ್ತು."

ಆ ಬಿಸಿಲಿನಲ್ಲಿ ಆ ಮಾತು ಕೇಳುವುದಕ್ಕೆ ಎಷ್ಟು ಸುಖವಾಯಿತು ಅಂತ ಹೇಳಲಾರೆ. ನನಗಾಗಿಯೂ ಒಬ್ಬನ ಹೊಟ್ಟೆ ಉರಿದಿತ್ತು.

ಪ್ರಜ್ಞಾ ಹೆಸರಿನ ಮಾತು ತೆಗೆದಳು. ನಾನು ಕೂಡಲೇ ಅಂದೆ, "ಇಬ್ಬರದೂ ಹಾಕು. ಮ್ಯಾಲ ನಂದು, ಕೆಳಗ ಇವಂದು."

ಮಾಣಿಕಪ್ಪ ತಕರಾರು ಮಾಡಲಿಲ್ಲ. "ಹಂಗೇ ಹಾಕವ್ವಾ," ಅಂದ. "ನಿಮ್ಮ ಮುತ್ಯಾನ ಚೀಟಿ ಕೆಳಗಿಂದ ಓದೋದು."

ಕಲ್ಯಾಣದ ತನಕ ಬಸ್ಸಿನಲ್ಲಿ ಪ್ರಜ್ಞಾ ನಗುತ್ತಲೇ ಇದ್ದಳು. ನನ್ನ ಮೇಲಿನ ಸಿಟ್ಟು ಇಳಿಯಿತಲ್ಲ ಅಂತ ನಾನೂ ನಕ್ಕೆ.

ಮೊನ್ನೆ ದಿಲೀಪನ ಬ್ಯಾಂಡು ಆ ಹಾಳೆಯಿಂದ ಊದಿತು. ಐದು ಗೆರೆ ಬಂದರೂ ಟಾಚಣಿ ಹೋಗಿಲ್ಲ, ಹಾಳೆ ಈಗಲೂ ಮುಂದಿನವನ ಬೆನ್ನಿಗೇ. ನಾನು ಕೋಲು ಊರಿಕೊಂಡು ಮೂರನೇ ಸಾಲಿನ ಹುಡುಗರ ಜೊತೆ ನಡೆದೆ. ಮುಂದೆ ಮುದುಕಿಯರು ಸೆರಗು ಕಟ್ಟಿ ಕುಣಿಯುತ್ತಿದ್ದರು. ನನ್ನ ಮುಂದೆ ಕೆಂಪು ಕೋಟಿನ ಒಂದು ಬೆನ್ನು, ಬೆನ್ನಿನ ಮೇಲೆ ಹಾಳೆ, ಹಾಳೆಯ ತಲೆಯ ಮೇಲೆ ಎರಡು ಹೆಸರು. ಅಕ್ಷರ ದಪ್ಪ ಮಾಡಿದ್ದಳು ಪ್ರಜ್ಞಾ, ನನ್ನ ಕಣ್ಣಿಗೆ ಕಾಣಲಿ ಅಂತ.

ಅವತ್ತು ಮೊದಲ ಸಲ ನನ್ನ ಚೀಟಿಯನ್ನು ನಾನು ಮೇಲಿಂದ ಓದಿದೆ.